ಮೂರು ಲಕ್ಷದ ಸೈಕಲ್ಲಿಗೆ ಸ್ಟ್ಯಾಂಡಿಲ್ಲ

ಕೊಳ್ಳೇಗಾಲದಲ್ಲಿ ಕೂತುಕೊಂಡು ‘ಇಷ್ಟು ದುಬಾರಿ ಸಾಮಾನು ಬೇಕೇ ಬೇಕಾ?’ ಎಂದು ಗಟ್ಟಿಯಾಗಿ ಕೇಳುವುದು ಅಷ್ಟು ಕ್ಷೇಮವಲ್ಲ. ಆ ಪ್ರಶ್ನೆಯನ್ನು ಯಾರೂ ಕೇಳದಿರುವುದರಿಂದಲೇ ಈ ಊರಿನ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ. ಮಾನ ಮುಚ್ಚುವುದಕ್ಕೆ ನೂಲಿನ ಸೀರೆ ಸಾಲದೇ? ಧಾರಾಳವಾಗಿ ಸಾಲುತ್ತದೆ. ಆದರೂ ಮದುವೆ ಗೊತ್ತಾದ ಮನೆಯವರು ವ್ಯಾನು ಮಾಡಿಕೊಂಡು ಬರುತ್ತಾರೆ, ರೇಷ್ಮೆ ಸೀರೆ ಅಂಗಡಿಯ ಬಿಳಿ ಹಾಸಿನ ಮೇಲೆ ಚಕ್ಕಂಬಕ್ಕಲ ಹಾಕಿ ಕೂರುತ್ತಾರೆ, ಹತ್ತು ಸಾವಿರದ್ದನ್ನು ಒಮ್ಮೆ ಸವರಿ ‘ಇದಕ್ಕಿಂತ ಮೇಲಿನದು ಇದ್ದರೆ ತೆಗೀರಿ’ ಎನ್ನುತ್ತಾರೆ. ಜರಿ ಒಂದಂಗುಲ ಅಗಲವಾದರೆ ಸಂಸಾರ ಎಷ್ಟು ವರ್ಷ ಹೆಚ್ಚು ಬಾಳಿಕೆ ಬರುತ್ತದೆ ಎಂದು ಯಾವ ಬೀಗರೂ ಕೇಳಿದ್ದನ್ನು ನಾನು ಕಂಡಿಲ್ಲ. ಕೇಳಿದರೆ ಅಂಗಡಿಯವರು ನಕ್ಕು ಸುಮ್ಮನಾದಾರು. ಮಗ್ಗದವರು ಸುಮ್ಮನಿರಲಾರರು.

ಆದ್ದರಿಂದ ನನ್ನ ತಂಗಿಯ ಮಗ ಬೆಂಗಳೂರಿನಿಂದ ಕಾರಿನ ನೆತ್ತಿಯ ಮೇಲೆ ಸೈಕಲ್ ಕಟ್ಟಿಕೊಂಡು ಬಂದಿಳಿದಾಗ ನಾನು ಬಾಯಿ ಬಿಡಲಿಲ್ಲ. ಹುಡುಗ ಕಂಪ್ಯೂಟರ್ ಕೆಲಸದವನು. ವಾರವಿಡೀ ಕುರ್ಚಿ ಸವೆಸುತ್ತಾನೆ, ಭಾನುವಾರ ಕತ್ತಲಿರುವಾಗಲೇ ಎದ್ದು ಸೈಕಲ್ ರೇಸಿಗೆ ಹೋಗುತ್ತಾನೆ. ಕಪ್ಪು ತಂದವನಲ್ಲ. ಬಹುಮಾನದ ಆಸೆಯಿಂದ ಹೋಗುವವನೂ ಅಲ್ಲ. ಹವ್ಯಾಸಿ ಎನ್ನುತ್ತಾರಲ್ಲ, ಆ ಜಾತಿ. ನಾನೇನೋ ಸುಮ್ಮನಿದ್ದೆ. ಎದುರುಮನೆಯ ಯಜಮಾನರಿಗೆ ಅಂಥ ಸಂಯಮ ಯಾವತ್ತೂ ಇದ್ದದ್ದಲ್ಲ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದವರೇ ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

‘ಎಷ್ಟಾಯ್ತಪ್ಪ ಇದ್ಕ?’

‘ಮೂರು ಲಕ್ಷ, ತಾತ.’

ತಾತ ಬಗ್ಗಿ ಎಂಜಿನ್ನು ಎಲ್ಲಿದೆ ಎಂದು ನೋಡಿದರು. ಇಲ್ಲವೆಂದು ಖಾತ್ರಿಯಾದ ಮೇಲೆ ಒಂದೊಂದೇ ಬಾಬತ್ತು ವಿಚಾರಿಸತೊಡಗಿದರು. ಕ್ಯಾರಿಯರ್ರು? ಇಲ್ಲ. ಬೆಲ್ಲು? ಇಲ್ಲ. ಮಡ್ಗಾರ್ಡು, ಚೈನ್ ಕವರು, ಲಾಕು? ಇಲ್ಲ, ಇಲ್ಲ, ಇಲ್ಲ. ‘ಸ್ಟ್ಯಾಂಡು?’ ಅದೂ ಇಲ್ಲ, ಗೋಡೆಗೆ ಒರಗಿಸಬೇಕು.

‘ಮೂರ್ ಲಕ್ಷ ಈಸ್ಕಂಡು ಒಂದ್ ಸ್ಟ್ಯಾಂಡ್ ಕೊಡ್ನಿಲ್ವ ಬಡ್ಡೆತ್ತವು!’

ನಾಳೆಯೇ ವಾಪಸ್ ಹೋಗಿ ಕೇಳಿ ಈಸ್ಕೊಂಡು ಬಾ, ಬೇಕಾದರೆ ನಾನೂ ಬರುತ್ತೇನೆ ಎಂದು ಧೈರ್ಯವನ್ನೂ ಹೇಳಿದರು. ಒಂದೊಂದು ಸಾಮಾನು ಕಳಚಿದಷ್ಟೂ ರೇಟು ಏರುವ ವ್ಯಾಪಾರ ಅವರ ಲೆಕ್ಕಕ್ಕೆ ಬಗ್ಗಲಿಲ್ಲ. ಅವರದೂ ತಪ್ಪಲ್ಲ. ಅವರ ಕಾಲದ ಸೈಕಲ್ಲು ಸಾಮಾನು ಸಮೇತ ಬರುತ್ತಿತ್ತು, ಜೊತೆಗೆ ಸಾಮಾನು ಹೊರುತ್ತಲೂ ಇತ್ತು. ಹಿಪ್ಪುನೇರಳೆ ಸೊಪ್ಪಿನ ಹೊರೆ, ರೇಷ್ಮೆಗೂಡಿನ ಮೂಟೆ, ಹಾಲಿನ ಕ್ಯಾನು, ಹಬ್ಬದ ದಿನ ಹಿಂದೆ ಹೆಂಡತಿ, ಮುಂದೆ ಬಾರಿನ ಮೇಲೆ ಟವೆಲ್ ಸುತ್ತಿ ಕೂರಿಸಿದ ಮಗು. ಇಪ್ಪತ್ತು ಕೆಜಿ ತೂಗುವ ಗಾಡಿ ಅದು. ತೂಕ ಜಾಸ್ತಿಯಿದ್ದಷ್ಟೂ ‘ಗಟ್ಟಿ ಮಾಲು’ ಎಂದು ಮೆಚ್ಚುತ್ತಿದ್ದ ಕಾಲ. ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯವರು ವಾಚು, ರೇಡಿಯೋ, ಸೈಕಲ್ಲು ಎಂದು ಒಂದೇ ಉಸಿರಿನಲ್ಲಿ ಕೇಳುತ್ತಿದ್ದರು. ‘ಸೈಕಲ್ಲು ಎಷ್ಟು ಗ್ರಾಂ?’ ಎಂದು ಕೇಳಿದ ಅಳಿಯನಿಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ.

ಆಗ ಸೈಕಲ್ಲಿಗೆ ಲೈಸೆನ್ಸು ಬೇರೆ ಇತ್ತು, ಗೊತ್ತೇ? ತಗಡಿನ ಬಿಲ್ಲೆ. ಅದಿಲ್ಲದಿದ್ದರೆ ದಂಡ, ರಾತ್ರಿ ದೀಪವಿಲ್ಲದಿದ್ದರೆ ದಂಡ, ಡಬಲ್ ರೈಡ್ ಹೋದರೆ ದಂಡ. 1956ರವರೆಗೆ ನಮ್ಮ ಕೊಳ್ಳೇಗಾಲ ಮದರಾಸು ಸರ್ಕಾರದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರಿನ ಕಡೆ, ದಿವಾನ್ ಪೂರ್ಣಯ್ಯನವರ ಜಹಗೀರು. ಬೆಳಗಿನ ತಿಂಡಿಗೆ ಮುಂಚೆ ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ಪೆಡಲು ತುಳಿದು ಹೋಗಿಬಂದವರ ಊರು ಇದು. ಫ್ರಾನ್ಸು ಸುತ್ತುವ ಸವಾರರು ಪರದೇಶದ ಗಡಿ ದಾಟಿದರೆಂದು ಪತ್ರಿಕೆಗಳಲ್ಲಿ ಬರೆಯುತ್ತಾರೆ. ನಮ್ಮವರದ್ದನ್ನು ಯಾರು ಬರೆದರು?

ರೇಷ್ಮೆಯ ಮಾತು ಬಂತಲ್ಲ, ಅದು ಹೇಗೂ ಸೈಕಲ್ಲಿಗೇ ಬಂದು ಸುತ್ತಿಕೊಳ್ಳುತ್ತದೆ. ಹಿಂದೆ ಯುರೋಪಿನ ದೊಡ್ಡ ರೇಸುಗಳಲ್ಲಿ ಅತ್ಯುತ್ತಮ ಎನಿಸಿಕೊಂಡ ಟೈರುಗಳ ಒಳಮೈಯನ್ನು ರೇಷ್ಮೆ ದಾರದಿಂದಲೇ ಮಾಡುತ್ತಿದ್ದರು. ಕ್ಲೆಮಾಂ ಕಂಪನಿಯ ರೇಷ್ಮೆ ಟೈರೆಂದರೆ ಅಲ್ಲಿಯ ಸವಾರರು ಕಣ್ಣಿಗೊತ್ತಿಕೊಳ್ಳುತ್ತಿದ್ದರಂತೆ. ದಾರ ತೆಳು, ಬಿಗಿ ಜಾಸ್ತಿ, ನೆಲದ ಒರಟನ್ನು ನುಂಗಿಕೊಂಡು ಉರುಳುತ್ತದೆ. ಈ ವಿಷಯವನ್ನು ನಮ್ಮ ಯಜಮಾನರಿಗೆ ತಿಳಿಸಿದೆ. ಅವರು ಆಯುಷ್ಯವೆಲ್ಲ ಹುಳ ಸಾಕಿದವರು. ಚಾಪೆ ಬದಲಿಸಿ, ಸೊಪ್ಪು ಹಾಕಿ, ಹಲ್ಲಿ ಇರುವೆ ಕಾಯ್ದು, ನಾಲ್ಕನೇ ಜ್ವರ ಎದ್ದ ಹುಳಕ್ಕೆ ರಾತ್ರಿಯೆಲ್ಲ ನಿದ್ದೆಗೆಟ್ಟವರು. ಒಂದು ನಿಮಿಷ ಸುಮ್ಮನಿದ್ದು, ‘ಟೈರ್ಗಾ?’ ಎಂದರು. ಅಷ್ಟೇ. ಆ ಒಂದು ಪದದಲ್ಲಿದ್ದ ಬೇಸರವನ್ನು ಬಿಡಿಸಿ ಬರೆಯಲು ನನ್ನಿಂದಾಗದು.

ಇರಲಿ. ಹುಡುಗ ಇಷ್ಟೆಲ್ಲ ದುಡ್ಡು ಸುರಿದದ್ದಕ್ಕೆ ಕಾರಣ ಇರಬೇಕಲ್ಲ? ಇದೆ. ತೂಕ. ಅವನ ಗಾಡಿ ಏಳೂವರೆ ಕೆಜಿ. ಅದಕ್ಕಿಂತ ಹಗುರಾದದ್ದೂ ಸಿಗುತ್ತದಂತೆ, ಆದರೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದವರು 2000ದಿಂದೀಚೆಗೆ ರೇಸಿನ ಸೈಕಲ್ಲು 6.8 ಕೆಜಿಗಿಂತ ಕಡಿಮೆ ತೂಗಕೂಡದೆಂದು ಗೆರೆ ಎಳೆದಿದ್ದಾರೆ. ಹಗುರ ಮಾಡಿಸಲು ಲಕ್ಷಗಟ್ಟಲೆ ಕೊಟ್ಟು, ಆಮೇಲೆ ನಿಯಮಕ್ಕಾಗಿ ತೂಕದ ತುಂಡು ಸಿಕ್ಕಿಸಿಕೊಂಡ ತಂಡಗಳೂ ಉಂಟು. ಇದನ್ನೂ ಯಜಮಾನರಿಗೆ ಹೇಳಬೇಕೆಂದಿದ್ದೆ. ಟೈರಿನ ಆಘಾತದಿಂದ ಅವರು ಇನ್ನೂ ಚೇತರಿಸಿಕೊಂಡಿರಲಿಲ್ಲ.

ನೀವೇ ಒಂದು ಲೆಕ್ಕ ಹಾಕಿ ನೋಡಿ. ಸವಾರ 70 ಕೆಜಿ, ಸೈಕಲ್ಲು ಏಳೂವರೆ, ಬೂಟು, ಬಟ್ಟೆ, ನೀರು ಎರಡೂವರೆ. ಒಟ್ಟು 80. ಬೆಟ್ಟದ ಕಡಿದಾದ ಏರಿನಲ್ಲಿ ಹೊತ್ತದ್ದೆಲ್ಲ ಲೆಕ್ಕಕ್ಕೆ ಬರುತ್ತದೆ, ಸರಿಸುಮಾರು ತೂಕ ಹೆಚ್ಚಾದಷ್ಟೇ ಹೊತ್ತೂ ಹೆಚ್ಚಾಗುತ್ತದೆ. ಈ ಹುಡುಗ ಒಂದು ಗಂಟೆಯಲ್ಲಿ ಹತ್ತುವ ಬೆಟ್ಟವನ್ನು ಯಜಮಾನರ ಇಪ್ಪತ್ತು ಕೆಜಿಯ ಗಾಡಿಯಲ್ಲಿ, ಅದೇ ಕಾಲು, ಅದೇ ದಮ್ಮಿನಲ್ಲಿ ಹತ್ತಿದರೆ ಒಂಬತ್ತು ನಿಮಿಷ ಚಿಲ್ಲರೆ ತಡ. ಗೇರಿಲ್ಲದ ಗಾಡಿಯಾದ್ದರಿಂದ ಅರ್ಧ ದಾರಿ ಇಳಿದು ತಳ್ಳಬೇಕು, ಆ ಮಾತು ಬೇರೆ. ಆದರೆ ಹುಡುಗ ಆರಿಸಿಕೊಂಡದ್ದು ಇಪ್ಪತ್ತು ಕೆಜಿ ಮತ್ತು ಏಳೂವರೆ ಕೆಜಿಗಳ ನಡುವೆ ಅಲ್ಲವಲ್ಲ. ಲಕ್ಷದೊಳಗೆ ಸಿಗುವ ಅಲ್ಯೂಮಿನಿಯಂ ಗಾಡಿ ಒಂಬತ್ತು ಕೆಜಿ ಆಸುಪಾಸು ಇರುತ್ತದೆ. ಅದರಲ್ಲಿ ಹೋಗಿದ್ದರೆ ಅವನಿಗೆ ತಡವಾಗುತ್ತಿದ್ದದ್ದು ಒಂದು ನಿಮಿಷ, ಮೇಲೊಂದಿಷ್ಟು ಸೆಕೆಂಡು. ಎರಡು ಲಕ್ಷಕ್ಕೆ ಒಂದು ನಿಮಿಷ! ರಿಜಿಸ್ಟ್ರಾರ್ ಆಫೀಸಿನಲ್ಲಿ ದಿನಗಟ್ಟಲೆ ಕೂರುವ ನಮಗೆ ನಿಮಿಷಕ್ಕೆ ಇಷ್ಟು ಬೆಲೆಯಿರುವುದು ಗೊತ್ತೇ ಇರಲಿಲ್ಲ. ಇಷ್ಟಾಗಿ ಮುಕ್ಕಾಲು ಲೀಟರಿನ ಎರಡು ಬಾಟಲಿ ನೀರು ತುಂಬಿಸಿ ಸಿಕ್ಕಿಸಿದರೆ ಆ ಒಂದೂವರೆ ಕೆಜಿ ವಾಪಸ್ ಬಂತು. ನಮ್ಮ ಮನೆಯಲ್ಲಿ ರಾತ್ರಿ ಮುದ್ದೆ, ಅವರೆಕಾಳು ಸಾರು. ಹುಡುಗ ‘ಅತ್ತೆ, ಇನ್ನರ್ಧ’ ಎಂದಾಗ ನಾನು ಮನಸ್ಸಿನಲ್ಲೇ ರೂಪಾಯಿ ಎಣಿಸಿದೆ.

ಬೆಳಗ್ಗೆ ಯಾವ ಬೆಟ್ಟ ಎಂಬ ಪ್ರಶ್ನೆ ಬಂತು. ನಮ್ಮ ಕಡೆ ಬೆಟ್ಟಕ್ಕೇನು ಬರ? ಯಳಂದೂರಿನ ಮೇಲೆ ಹೋದರೆ ಬಿಳಿಗಿರಿರಂಗನ ಬೆಟ್ಟ, ಹನೂರಿನ ಮೇಲೆ ಹೋದರೆ ಮಲೆ ಮಹದೇಶ್ವರನ ಬೆಟ್ಟ. ಸಲಕರಣೆಯ ವಿಷಯದಲ್ಲಿ ಈ ಇಬ್ಬರು ದೇವರಿಗೂ ಒಂದೇ ಅಭಿಪ್ರಾಯವಿದ್ದಂತಿಲ್ಲ. ಬಿಳಿಗಿರಿರಂಗ ರಾತ್ರಿ ಕಾಡು ಸುತ್ತುವವನು. ಅವನಿಗೆ ಮೊಳದುದ್ದದ ಚರ್ಮದ ಪಾದುಕೆ ಬೇಕು, ಸವೆದ ಹಾಗೆಲ್ಲ ಹೊಸದು ಬೇಕು. ಬೂದಿಪಡಗದ ಭಕ್ತರು ಎರಡು ವರ್ಷಕ್ಕೊಮ್ಮೆ ಹೊಲಿದು ತಂದು ಒಪ್ಪಿಸುತ್ತಾರೆ. ಅಟ್ಟೆ ಸವೆದದ್ದೇ ದೇವರು ಓಡಾಡಿದ್ದಕ್ಕೆ ಸಾಕ್ಷಿ. ಆ ಪಾದುಕೆಯಿಂದ ತಲೆ ಮುಟ್ಟಿಸಿಕೊಂಡು ಬಂದ ನಾವು, ಬೂಟಿಗೆ ಇಪ್ಪತ್ತು ಸಾವಿರ ಸುರಿದ ಹುಡುಗನನ್ನು ಯಾವ ಬಾಯಲ್ಲಿ ಬೈಯುವುದು? ಮಾದಪ್ಪನದು ಇನ್ನೊಂದು ದಾರಿ. ಎಪ್ಪತ್ತೇಳು ಮಲೆಗೂ ಒಂದೇ ಗಾಡಿ, ಹುಲಿ. ಸರ್ವಿಸಿಂಗ್ ಇಲ್ಲ, ಬಿಡಿಭಾಗದ ಚಿಂತೆಯಿಲ್ಲ, ಕಳ್ಳರ ಭಯ ಮೊದಲೇ ಇಲ್ಲ.

ರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಗುಂಬಳ್ಳಿಯಿಂದ ಆಚೆ ಬೆಳ್ಳಂಬೆಳಗ್ಗೆ ಆನೆ ಎದುರಾದರೆ ಅದು ಕಾರ್ಬನ್ನು, ಕಬ್ಬಿಣ ಎಂದು ಭೇದ ಮಾಡುವುದಿಲ್ಲ ಎಂದು ಹೆದರಿಸಿ, ಹುಡುಗನನ್ನು ಮಾದಪ್ಪನ ದಾರಿಗೆ ಹಚ್ಚಿದೆವು. ಹನೂರು, ಕೌದಳ್ಳಿ, ತಾಳುಬೆಟ್ಟ. ತಾಳುಬೆಟ್ಟದಿಂದ ಶುರುವಾಗುವ ತಿರುವುಗಳನ್ನು ಶಿವರಾತ್ರಿಗೆ, ದೀಪಾವಳಿಗೆ ಬರಿಗಾಲಲ್ಲಿ ನಡೆದು ಹತ್ತುವ ಜನ ಲೆಕ್ಕವಿಲ್ಲದಷ್ಟು. ಹನೂರಿನ ಟೀ ಅಂಗಡಿಯಲ್ಲಿ ಇವನು ಹೆಲ್ಮೆಟ್ಟು ತೆಗೆದು ಕೂತದ್ದೇ ತಡ, ಪಕ್ಕದವರು ‘ಏನ್ ಹರಕೆ ಹೊತ್ತಿದ್ಯಪ್ಪ?’ ಎಂದು ಕೇಳಿದರಂತೆ. ಹರಕೆಯಲ್ಲ ಅಣ್ಣ, ಎಷ್ಟು ಹೊತ್ತಿನಲ್ಲಿ ಹತ್ತುತ್ತೀನಿ ಅಂತ ಟೈಮು ನೋಡಿಕೊಳ್ಳುತ್ತಿದ್ದೀನಿ ಎಂದನಂತೆ. ‘ಮಾದಪ್ಪನ್ನ ನೋಡದ್ ಬುಟ್ಟು ಟೈಮ್ ನೋಡ್ದಾರ?’ ಎಂದು ಅವರು ಟೀ ದುಡ್ಡನ್ನು ತಾವೇ ಕೊಟ್ಟು ಎದ್ದುಹೋದರಂತೆ. ಇವನಿಗೆ ಬುದ್ಧಿ ಭ್ರಮಣೆಯಾಗಿದೆ ಎಂದು ಮರುಕಪಟ್ಟಿರಬೇಕು.

ತೂಕದ ಕಥೆ ಏರಿನಲ್ಲಾಯಿತು. ಸಮತಟ್ಟಿನಲ್ಲೋ? ಅಲ್ಲಿ ಶತ್ರು ಗಾಳಿ. ಗಂಟೆಗೆ 35–40 ಕಿಲೋಮೀಟರ್ ವೇಗದಲ್ಲಿ ಸವಾರನ ಶಕ್ತಿಯ ಹೆಚ್ಚುಪಾಲು ಗಾಳಿ ಸೀಳುವುದಕ್ಕೇ ಹೋಗುತ್ತದೆ. ಗಾಳಿಗೆ ಅಡ್ಡ ನಿಲ್ಲುವುದು ಯಾರು? ಮುಕ್ಕಾಲು ಪಾಲು ಸವಾರನ ಮೈ, ಉಳಿದದ್ದು ಸೈಕಲ್ಲು. ಎಂದರೆ ಮೂರು ಲಕ್ಷದ ಗಾಡಿಯ ಮೇಲೆ ನೆಟ್ಟಗೆ ಕೂತವನಿಗಿಂತ ಮೊಣಕೈ ಮಡಿಸಿ ಬಗ್ಗಿದವನೇ ಲಾಭದಲ್ಲಿರುತ್ತಾನೆ, ಮತ್ತು ಬಗ್ಗುವುದಕ್ಕೆ ಯಾವ ಅಂಗಡಿಯಲ್ಲೂ ಬಿಲ್ಲಿಲ್ಲ. ಅದಕ್ಕಿಂತ ಅಗ್ಗದ್ದೂ ಒಂದಿದೆ: ಇನ್ನೊಬ್ಬರ ಬೆನ್ನಿಗೆ ಅಂಟಿಕೊಳ್ಳುವುದು. ರೇಸಿನವರು ಇದನ್ನು ದೊಡ್ಡ ವಿದ್ಯೆ ಎನ್ನುತ್ತಾರೆ. ನಾವು ಹುಡುಗರಾಗಿದ್ದಾಗ ಕುಂತೂರು ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳ ಹಿಂದೆ ಇದನ್ನೇ ಅಭ್ಯಾಸ ಮಾಡಿದ್ದೆವು. ಗಾಳಿಯೂ ತಪ್ಪಿತು, ಜಲ್ಲೆಯೂ ಸಿಕ್ಕಿತು.

ಇಲ್ಲಿ ಗ್ರೇಮ್ ಓಬ್ರಿಯ ಹೆಸರು ಹೇಳದಿದ್ದರೆ ಹರಟೆಗೆ ನ್ಯಾಯವಾಗದು. ಸ್ಕಾಟ್ಲೆಂಡಿನವನು, ಕೈಯಲ್ಲಿ ಕಾಸಿಲ್ಲದವನು. ಬಟ್ಟೆ ಒಗೆಯುವ ಮಿಷನ್ನಿನಿಂದ ಬೇರಿಂಗು ಬಿಚ್ಚಿ ತಾನೇ ಒಂದು ಸೈಕಲ್ಲು ಕಟ್ಟಿದ. ಎದೆಯ ಕೆಳಗೆ ಕೈ ಮಡಿಸಿಕೊಂಡು, ಕೋಳಿ ಮೊಟ್ಟೆಗೆ ಕೂತ ಹಾಗೆ ಅದರ ಮೇಲೆ ಕೂತ. 1993ರ ಜುಲೈಯಲ್ಲಿ ನಾರ್ವೆಯ ಹಾಮರ್‌ನಲ್ಲಿ ಒಂದು ಗಂಟೆಗೆ 51.596 ಕಿಲೋಮೀಟರ್ ತುಳಿದು ವಿಶ್ವದಾಖಲೆ ಮಾಡಿದ. ಒಕ್ಕೂಟದವರಿಗೆ ಸಿಟ್ಟು ಬಂದು ಆ ಭಂಗಿಯನ್ನೇ ನಿಷೇಧಿಸಿದರು. ಅವನು ಇನ್ನೊಂದು ಭಂಗಿ ಹುಡುಕಿದ, ಅದನ್ನೂ ನಿಷೇಧಿಸಿದರು. ಸೊಸೆ ಕೂತರೂ ತಪ್ಪು ನಿಂತರೂ ತಪ್ಪು ಎನ್ನುವ ಮನೆ ಅದು.

ಹಾಗಾದರೆ ಬಡ ಸೈಕಲ್ಲೇ ಗೆದ್ದಿತು ಎಂದು ಚಪ್ಪಾಳೆ ತಟ್ಟಬೇಡಿ, ಕಥೆ ಮುಗಿದಿಲ್ಲ. ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ 1996ರಲ್ಲಿ ಅತ್ಯಾಧುನಿಕ ಗಾಡಿಯಲ್ಲಿ, ಕೈಗಳನ್ನು ಮುಂದಕ್ಕೆ ನೀಟಿಕೊಂಡು, ಒಂದು ಗಂಟೆಗೆ 56.375 ಕಿಲೋಮೀಟರ್ ಹೋದ. ಆಮೇಲೆ ಒಕ್ಕೂಟದವರು ಇದೆಲ್ಲ ಬೇಡ, 1972ರಲ್ಲಿ ಎಡಿ ಮರ್ಕ್ಸ್ ತುಳಿದಂಥ ಸಾದಾ ಸೈಕಲ್ಲಿನಲ್ಲೇ ತುಳಿಯಿರಿ, ಆಗ ಯಾರ ಯೋಗ್ಯತೆ ಏನೆಂದು ನೋಡೋಣ ಎಂದರು. ಮರ್ಕ್ಸ್ ಅಂದು ಹೋಗಿದ್ದದ್ದು 49.431 ಕಿಲೋಮೀಟರ್. 2000ದಲ್ಲಿ ಬೋರ್ಡ್‌ಮನ್ ಸಾದಾ ಗಾಡಿ ಹತ್ತಿ ಹೋದದ್ದು 49.441. ಹತ್ತೇ ಮೀಟರ್ ಹೆಚ್ಚು! ನಮ್ಮ ಜಗಲಿಯಿಂದ ಎದುರುಮನೆ ಬಾಗಿಲಿಗೆ ಇರುವಷ್ಟು. ಅದೇ ಮನುಷ್ಯ, ಗಾಡಿಯನ್ನೂ ಭಂಗಿಯನ್ನೂ ಬದಲಿಸಿದ್ದಕ್ಕೆ ಏಳು ಕಿಲೋಮೀಟರ್ ಎಲ್ಲಿಗೆ ಹೋಯಿತು? ಆದ್ದರಿಂದ ಸೈಕಲ್ಲಿನಿಂದ ಏನೂ ಆಗುವುದಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವವನಲ್ಲ. 1989ರ ಟೂರ್ ದ ಫ್ರಾನ್ಸ್‌ನಲ್ಲಿ ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕಿ ತುಳಿದ ಮೇಲೆ ಗ್ರೆಗ್ ಲೆಮಾಂಡ್ ಗೆದ್ದದ್ದು ಎಂಟು ಸೆಕೆಂಡಿನಿಂದ. ಕೊನೇ ದಿನ ಅವನು ಗಾಳಿ ತಪ್ಪಿಸುವ ಹ್ಯಾಂಡಲು ಹಾಕಿಸಿದ್ದ. ಸೋತ ಲೊರಾಂ ಫಿನ್ಯೋಂ ಹೆಲ್ಮೆಟ್ಟೂ ಇಲ್ಲದೆ, ಜುಟ್ಟು ಹಾರಿಸಿಕೊಂಡು ಬಂದ. ಒಂದು ಜುಟ್ಟಿನಿಂದ ಟೂರೇ ಹೋಯಿತು ಎಂದು ಇವತ್ತಿಗೂ ಆಡಿಕೊಳ್ಳುವವರಿದ್ದಾರೆ.

ವಿಜಯಪುರ, ಬಾಗಲಕೋಟೆಯ ಕಡೆಯ ಹುಡುಗ ಹುಡುಗಿಯರದ್ದು ಈ ಸೆಕೆಂಡುಗಳ ಲೋಕವೇ. ಅಲ್ಲಿ ಸೈಕ್ಲಿಂಗಿಗೆಂದೇ ಕ್ರೀಡಾನಿಲಯಗಳಿವೆ, ರಾಜ್ಯದ ಒಳ್ಳೆಯ ಸವಾರರಲ್ಲಿ ಬಹುಪಾಲು ಬಂದದ್ದು ಆ ಒಣನೆಲದಿಂದ, ಒಕ್ಕಲು ಮನೆಗಳಿಂದ. ರಾಷ್ಟ್ರಮಟ್ಟಕ್ಕೆ ಹೋದ ಮೇಲೆ ಸಾಲ ಮಾಡಿಯಾದರೂ ದುಬಾರಿ ಸೈಕಲ್ಲು ತರಬೇಕಾಗುತ್ತದೆ, ಇಲ್ಲದಿದ್ದರೆ ಕಾಲಿನಲ್ಲಿ ಶಕ್ತಿಯಿದ್ದೂ ಹಿಂದೆ ಬೀಳುತ್ತಾರೆ. ದುಡ್ಡು ನಿಜವಾಗಿ ಬೇಕಾದದ್ದು ಅವರಿಗೆ, ಇರುವುದು ನನ್ನ ಸೋದರಳಿಯನ ಹತ್ತಿರ. ಇದನ್ನು ಅವನ ಮುಖಕ್ಕೇ ಹೇಳಿದೆ. ‘ನಿಜ ಮಾವ’ ಎಂದು ತಲೆ ಆಡಿಸಿ ಇನ್ನೊಂದು ತಟ್ಟೆ ನಿಪ್ಪಟ್ಟು ತರಿಸಿಕೊಂಡ.

ಅದಿರಲಿ, ಹಾಲಿನವನ ಕಥೆ ಕೇಳಿದ್ದೀರಾ? ಎಲ್ಲ ಊರಿನಲ್ಲೂ ಇದೆ. ಪ್ಯಾಂಟು ಬಿಗಿದ ಪೇಟೆಯವನು ಕಾರ್ಬನ್ ಸೈಕಲ್ಲಿನಲ್ಲಿ ಏದುಸಿರು ಬಿಡುತ್ತಿರುವಾಗ, ಎರಡು ಕ್ಯಾನು ತೂಗುಹಾಕಿಕೊಂಡ ಹಾಲಿನವನು ಲುಂಗಿ ಎತ್ತಿ ಕಟ್ಟಿ ಬೀಡಿ ಕಚ್ಚಿಕೊಂಡೇ ಅವನನ್ನು ಹಿಂದೆ ಹಾಕಿದ ಎಂದು. ಹೇಳುವವರು ಕಣ್ಣಾರೆ ಕಂಡಂತೆ ಹೇಳುತ್ತಾರೆ, ಕೇಳುವವರಿಗೆ ಹೊಟ್ಟೆ ತಂಪಾಗುತ್ತದೆ. ನನಗೆ ಗುಮಾನಿ. ಕ್ಯಾನು ತುಂಬಿದ್ದವೋ ಖಾಲಿಯೋ? ರಸ್ತೆ ಏರಿತ್ತೋ ಇಳಿಜಾರೋ? ಪೇಟೆಯವನು ಸುಸ್ತಾಗಿ ವಾಪಸಾಗುತ್ತಿದ್ದನೋ ಏನೋ? ಇದೊಂದನ್ನೂ ಯಾರೂ ಹೇಳುವುದಿಲ್ಲ. ಹಾಲಿನವನನ್ನೇ ಒಮ್ಮೆ ಕೇಳಿದೆ. ‘ನಂಗ್ಯಾಕ ಬುದ್ಧಿ ಪಂದ್ಯ, ಹಾಲು ಒಡೆದೋಯ್ತದ’ ಎಂದ. ಅವನಿಗೂ ಈಗ ಮೊಪೆಡ್ಡು ಬಂದಿದೆ.

ಬಸ್‌ಸ್ಟ್ಯಾಂಡಿನ ಹಿಂದಿನ ಸೈಕಲ್ ಶಾಪಿನವರಿಗೆ ತೋರಿಸಿಕೊಂಡು ಬರೋಣ ಎಂದು ಸಂಜೆ ಹೊರಟೆವು. ಅವರು ಗಂಟೆಗಿಷ್ಟು ಎಂದು ಬಾಡಿಗೆ ಸೈಕಲ್ಲು ಕೊಡುತ್ತಿದ್ದ ಕಾಲದಿಂದ ಇದ್ದವರು. ನಮ್ಮ ಓರಗೆಯವರೆಲ್ಲ ಒಳಪೆಡಲು ಕಲಿತದ್ದು ಅವರದೇ ಗಾಡಿಗಳಲ್ಲಿ. ಸರ್ಕಾರ 2006–07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಪುಕ್ಕಟೆ ಸೈಕಲ್ಲು ಕೊಡಲು ಶುರುಮಾಡಿದ ಮೇಲೆ ಬಾಡಿಗೆ ಕೇಳುವವರೇ ಇಲ್ಲವಾದರು, ಆದರೆ ಪಂಕ್ಚರಿಗೆ ಬರುವವರು ಹೆಚ್ಚಾದರು. ಒಂದು ಹೋದರೆ ಒಂದು. ಅವರು ಬೆಲೆ ಕೇಳಲಿಲ್ಲ. ಮುಂದಿನ ಚಕ್ರವನ್ನು ಎತ್ತಿ, ಬೆರಳಿನಿಂದ ತಿರುಗಿಸಿ, ಬ್ರೇಕಿನ ಕಟ್ಟೆಯ ಪಕ್ಕ ಕಣ್ಣಿಟ್ಟರು. ಎಳ್ಳಷ್ಟೂ ಓಲಾಟವಿಲ್ಲ. ತುಟಿ ಓರೆ ಮಾಡಿ ಮೆಚ್ಚಿದರು. ಚಕ್ರ ನಿಲ್ಲುವ ಹೊತ್ತಿಗೆ ಇನ್ನೊಬ್ಬರ ಪಂಕ್ಚರು ಮುಗಿದಿತ್ತು. ಆಮೇಲೆ ಹುಡುಗನನ್ನು ಸೀಟಿನ ಮೇಲೆ ಕೂರಿಸಿ, ಪೆಡಲು ಕೆಳಗೆ ಬಂದಾಗ ಮಂಡಿ ಎಷ್ಟು ಮಡಿಯುತ್ತದೆ ನೋಡಿ, ‘ಸೀಟು ಅರ್ಧ ಇಂಚು ಕಮ್ಮಿ ಐತಲ್ಲ’ ಎಂದರು. ಮೂರು ತಿಂಗಳಿಂದ ಹುಡುಗನಿಗೆ ಮಂಡಿನೋವು. ಬೆಂಗಳೂರಿನಲ್ಲಿ ಅದಕ್ಕೆಂದು ಇನ್ನೊಂದು ಜೊತೆ ದುಬಾರಿ ಪೆಡಲು ಹಾಕಿಸಿಕೊಂಡಿದ್ದ. ಇವರು ಸೀಟು ಎತ್ತರಿಸಿ, ಟೈರು ಹಿಸುಕಿ ನೋಡಿ, ಕಲ್ಲಿನಂತೆ ತುಂಬಿದ್ದ ಗಾಳಿಯನ್ನು ಸ್ವಲ್ಪ ಇಳಿಸಿದರು. ಎಷ್ಟು ಕೊಡಬೇಕು ಎಂದರೆ ‘ಗಾಳಿ ತೆಗೆದಿದ್ಕೆ ಯಾವತ್ತೂ ಕಾಸು ತಗೊಂಡಿಲ್ಲ ಸಾರ್’ ಎಂದರು. ಸೀಟು, ಟೈರು ಈ ಎರಡರ ಮೇಲೆ ಖರ್ಚು ಮಾಡುವವನನ್ನು ನಾನು ಬುದ್ಧಿವಂತ ಎನ್ನುತ್ತೇನೆ. ಉಳಿದದ್ದು ರೇಷ್ಮೆ ಸೀರೆಯ ಲೆಕ್ಕ. ರೇಷ್ಮೆ ಸೀರೆಯನ್ನು ಬೇಡ ಎನ್ನುವ ಧೈರ್ಯ ಈ ಊರಿನಲ್ಲಿ ನನಗಿಲ್ಲ ಎಂದು ಮೊದಲೇ ಹೇಳಿದ್ದೇನೆ.

ಅಂದಹಾಗೆ, ನಮ್ಮ ಹಳ್ಳಿಗಳ ಅಸಲಿ ಸೈಕಲ್ ಪಂದ್ಯಗಳಲ್ಲಿ ವೇಗಕ್ಕೆ ಜಾಗವೇ ಇರಲಿಲ್ಲ. ಒಂದು, ಎಡೆಬಿಡದೆ ತುಳಿಯುವವನು. ಊರ ನಡುವಿನ ಬಯಲಿನಲ್ಲಿ ಹಗಲೂ ರಾತ್ರಿ ವಾರಗಟ್ಟಲೆ ಸುತ್ತುತ್ತಿದ್ದ. ಅದರ ಮೇಲೇ ಊಟ, ಅದರ ಮೇಲೇ ಸ್ನಾನ, ಸಂಜೆ ಎದೆಗೆ ಟ್ಯೂಬ್‌ಲೈಟು ಒಡೆದುಕೊಳ್ಳುವುದು, ಮೈಕಿನಲ್ಲಿ ಸಿನಿಮಾ ಹಾಡು. ಕೊನೆಯ ದಿನ ಊರವರು ನೋಟಿನ ಹಾರ ಹಾಕಿ ಇಳಿಸುತ್ತಿದ್ದರು. ಎರಡನೆಯದು ಗೌರಿಗಣೇಶನಿಗೆ, ರಾಜ್ಯೋತ್ಸವಕ್ಕೆ ಯುವಕರ ಸಂಘದವರು ನಡೆಸುವ ನಿಧಾನ ಸೈಕಲ್ ಸ್ಪರ್ಧೆ. ಸುಣ್ಣದ ಪಟ್ಟೆ ಎಳೆದಿರುತ್ತಾರೆ. ಕೊನೆಗೆ ಬಂದವನೇ ಮೊದಲನೆಯವನು. ಕಾಲು ನೆಲಕ್ಕೆ ಊರಿದರೆ ಔಟು. ಬಹುಮಾನ ಸ್ಟೀಲ್ ಬಕೆಟ್ಟು.

ಸೋದರಳಿಯ ಮತ್ತೆ ಬಂದದ್ದು ಗಣಪತಿ ಹಬ್ಬಕ್ಕೆ. ಯಳಂದೂರಿನ ಗೌರೀಶ್ವರ ದೇವಸ್ಥಾನದ ಬಳೆ ಮಂಟಪ ನೋಡಿಕೊಂಡು, ಅಖಂಡ ಕಲ್ಲಿನಲ್ಲಿ ಕೊರೆದು ತೂಗುಬಿಟ್ಟ ಬಳೆಗಳ ಸರಪಳಿಯ ಕೆಳಗೆ ನಿಂತು, ಇದಕ್ಕೆ ಎಣ್ಣೆ ಬಿಡಬೇಕಿಲ್ಲವಲ್ಲ ಮಾವ ಎಂದು ಹೊಟ್ಟೆಕಿಚ್ಚುಪಟ್ಟು, ಪಕ್ಕದ ಹಳ್ಳಿಗೆ ಹೋದೆವು. ಅಲ್ಲಿ ಪಂದ್ಯ ಶುರುವಾಗುವುದರಲ್ಲಿತ್ತು. ಹುಡುಗರು ಒತ್ತಾಯ ಮಾಡಿದರು, ಇವನೂ ಮೂರು ಲಕ್ಷದ ಗಾಡಿ ಇಳಿಸಿದ. ಇವನ ಬೂಟು ಪೆಡಲಿಗೆ ಕಚ್ಚಿಕೊಳ್ಳುವಂಥದ್ದು, ಹಿಮ್ಮಡಿ ತಿರುಚಿದರೆ ಮಾತ್ರ ಬಿಡುತ್ತದೆ. ಸೀಟಿ ಊದಿದರು. ಎಂಟು ಹತ್ತು ಮಾರು ಹೋಗುವಷ್ಟರಲ್ಲಿ ಗಾಡಿ ನಿಂತೇಬಿಟ್ಟಿತು. ಒಂದು ಕ್ಷಣ ಅಲ್ಲಾಡದೆ ನಿಂತದ್ದಕ್ಕೆ ಜನ ಕೇಕೆ ಹಾಕಿದರು. ಮರುಕ್ಷಣ ಬಾಳೆಗಿಡ ಒರಗಿದಂತೆ ಎಡಕ್ಕೆ ಒರಗಿ ಮಲಗಿದ.

ಔಟು ಎಂದರು ತೀರ್ಪುಗಾರರು. ಹುಡುಗ ಬಿದ್ದಲ್ಲಿಂದಲೇ ಕೈಯೆತ್ತಿದ. ಕಾಲು ನೆಲಕ್ಕೆ ತಗುಲಿದರೆ ಔಟು ಎಂದು ತಾನೇ ಮೈಕಿನಲ್ಲಿ ಹೇಳಿದ್ದು? ನೋಡಿ, ನನ್ನ ಎರಡು ಕಾಲೂ ಇನ್ನೂ ಪೆಡಲಿನ ಮೇಲೇ ಇವೆ. ಜನ ಬಗ್ಗಿ ನೋಡಿದರು. ಭುಜ ನೆಲಕ್ಕೆ ತಗುಲಿತ್ತು, ಸೊಂಟ ತಗುಲಿತ್ತು, ಒಂದು ಕಿವಿಯೂ ತಗುಲಿತ್ತು, ಬೂಟು ಮಾತ್ರ ಪೆಡಲು ಬಿಟ್ಟಿರಲಿಲ್ಲ. ಉಳಿದವರೆಲ್ಲ ಗೆರೆ ದಾಟಿ ಆಗಿತ್ತು, ಇವನೊಬ್ಬನೇ ಇನ್ನೂ ದಾಟಿಲ್ಲ. ಹಾಗಾದರೆ ಲೆಕ್ಕದ ಪ್ರಕಾರ ಗೆದ್ದವನು ಯಾರು? ಸಂಘದ ಕಾರ್ಯದರ್ಶಿ ನಿಯಮದ ಚೀಟಿ ತರಿಸಿದರು. ಅದರಲ್ಲೂ ಕಾಲು ಎಂದೇ ಇತ್ತು. ಮೇಷ್ಟರೊಬ್ಬರು ಕಾಲೆಂದರೆ ಸೊಂಟದಿಂದ ಕೆಳಗೆ ಪೂರಾ ಎಂದು ವಾದಿಸಿದರು, ಇನ್ನೊಬ್ಬರು ಪಾದ ಮಾತ್ರ ಎಂದರು. ಹುಡುಗನನ್ನು ಎಬ್ಬಿಸಲೂ ಯಾರೂ ಒಪ್ಪಲಿಲ್ಲ, ಸಾಕ್ಷಿ ಕೆಡುತ್ತದೆಂದು. ವಾದ ಕಾವೇರುವ ಹೊತ್ತಿಗೆ ಮೈಕಿನವನು ‘ಈಗ ಹೆಂಗಸರಿಗೆ ಮ್ಯೂಸಿಕಲ್ ಚೇರ್’ ಎಂದು ಕೂಗಿದ. ಕುರ್ಚಿ ಸಾಲದು, ಏಳಿ ಎಂದು ಹೆಂಗಸರು ಬಂದು ತೀರ್ಪುಗಾರರನ್ನೇ ಎಬ್ಬಿಸಿಬಿಟ್ಟರು.